ಕರಾರು ಓದಬಲ್ಲವರು ಯಾರು? ಇಂಧನ ಕ್ಷೇತ್ರದ ಖಾಸಗಿ ಸಹಭಾಗಿತ್ವ ಮತ್ತು ನಿಯಂತ್ರಣ ಆಯೋಗದ ಸಿಬ್ಬಂದಿ

ಕೇಂದ್ರ ವಿದ್ಯುತ್ ಸಚಿವಾಲಯವು 2025ರ ಅಕ್ಟೋಬರ್‌ನಲ್ಲಿ ವಿದ್ಯುತ್ ಕಾಯ್ದೆಗೆ ತಿದ್ದುಪಡಿ ತರುವ ಕರಡು ಮಸೂದೆಯನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ಒಂದೇ ಪ್ರದೇಶದಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು ಒಂದೇ ಜಾಲವನ್ನು ಹಂಚಿಕೊಂಡು ವಿದ್ಯುತ್ ಮಾರಬಹುದು ಎಂಬುದು ಅದರ ಮುಖ್ಯ ಅಂಶ. ಸರ್ಕಾರಿ ವಿತರಣಾ ಕಂಪನಿಯಾದ ಮೆಸ್ಕಾಂ ಎಳೆದ ತಂತಿಯಲ್ಲೇ ಇನ್ನೊಂದು ಕಂಪನಿಯ ಕರೆಂಟ್ ಮನೆಗೆ ಬರುವುದೆಂದರೆ ಏನು, ಬಿಲ್ ಇಳಿಯುತ್ತದೆಯೆ ಏರುತ್ತದೆಯೆ, ತಂತಿ ಹರಿದು ಬಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬ ಪ್ರಶ್ನೆಗಳು ಮಂಗಳೂರು, ಉಡುಪಿಯ ಬಳಕೆದಾರರಲ್ಲಿ ಏಳುವುದು ಸಹಜ. ಖಾಸಗಿಯವರು ಬಂದರೆ ದಕ್ಷತೆ ಹೆಚ್ಚುತ್ತದೆ ಎನ್ನುವವರು ಒಂದು ಕಡೆ ಇದ್ದಾರೆ. ಲಾಭ ಬರುವ ಬಳಕೆದಾರರನ್ನು ಅವರು ಎತ್ತಿಕೊಂಡು ಹೋಗುತ್ತಾರೆ, ಉಳಿದ ಹೊರೆ ಸರ್ಕಾರಿ ಕಂಪನಿಯ ತಲೆಗೆ ಬೀಳುತ್ತದೆ ಎನ್ನುವ ನೌಕರರ ಸಂಘಟನೆಗಳು ಇನ್ನೊಂದು ಕಡೆ ಇವೆ.

ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಇವೆರಡರ ನಡುವೆ ಕುಳಿತು, ಕರಾರಿನ ಪ್ರತಿ ಷರತ್ತನ್ನು ಓದಿ, ಕಂಪನಿ ಮುಂದಿಟ್ಟ ಪ್ರತಿ ಅಂಕಿಯನ್ನು ತಾಳೆ ನೋಡಿ, ಬಳಕೆದಾರನಿಂದ ಎಷ್ಟು ವಸೂಲಿ ಮಾಡಬಹುದು ಎಂದು ನಿರ್ಧರಿಸಬೇಕಾದವರ ಬಗ್ಗೆ ಮಾತು ಬಹಳ ಕಡಿಮೆ. ಆ ಕೆಲಸ ರಾಜ್ಯ ಮತ್ತು ಕೇಂದ್ರದ ವಿದ್ಯುತ್ ನಿಯಂತ್ರಣ ಆಯೋಗಗಳದ್ದು. ದಿನನಿತ್ಯದ ಅರ್ಥದಲ್ಲಿ ಅಲ್ಲಿನ ಸಿಬ್ಬಂದಿಯದ್ದು. ಅವರಿಗೆ ಯಾವ ಜ್ಞಾನವಿದೆ, ಯಾವುದಿಲ್ಲ ಎಂಬುದು ತಿದ್ದುಪಡಿಯ ಯಾವುದೇ ಕಲಮಿನಷ್ಟೇ ನೇರವಾಗಿ ಮನೆಯ ಬಿಲ್ಲನ್ನು ಮುಟ್ಟುತ್ತದೆ.

ಕರಾವಳಿಗೆ ಸಹಭಾಗಿತ್ವ ಹೊಸದಲ್ಲ

ಸಾರ್ವಜನಿಕ–ಖಾಸಗಿ ಸಹಭಾಗಿತ್ವ ಎಂದ ಕೂಡಲೇ ಟೋಲ್ ರಸ್ತೆ ನೆನಪಾಗುತ್ತದೆ. ಇಂಧನದಲ್ಲಿ ಅದರ ರೂಪ ಬೇರೆ: ಖಾಸಗಿ ಕಂಪನಿ ಹಣ ಹೂಡಿ ಸ್ಥಾವರವನ್ನೋ ಜಾಲವನ್ನೋ ಕಟ್ಟುತ್ತದೆ, ಸರ್ಕಾರ ಅಥವಾ ಸರ್ಕಾರಿ ಕಂಪನಿ ದೀರ್ಘಾವಧಿಯ ಕರಾರಿನ ಮೂಲಕ ಅದರ ಆದಾಯಕ್ಕೆ ಆಧಾರ ಕೊಡುತ್ತದೆ. ಈ ಅರ್ಥದಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಈಗಲೇ ಹಲವು ಬಗೆಯ ಸಹಭಾಗಿತ್ವಗಳಿವೆ.

ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ ತಲಾ 600 ಮೆಗಾವಾಟ್‌ನ ಎರಡು ಘಟಕಗಳಿರುವ ಉಷ್ಣ ವಿದ್ಯುತ್ ಸ್ಥಾವರವಿದೆ. ನವ ಮಂಗಳೂರು ಬಂದರಿಗೆ ಬಂದಿಳಿಯುವ ಆಮದು ಕಲ್ಲಿದ್ದಲಿನಿಂದ ನಡೆಯುವ ಈ ಸ್ಥಾವರ 2015ರಲ್ಲಿ ಲ್ಯಾಂಕೊ ಸಮೂಹದಿಂದ ಅದಾನಿ ಪವರ್ ಕೈಗೆ ಬಂತು. ವಿದ್ಯುತ್ತಿನ ಬಹುಪಾಲು ಕರ್ನಾಟಕದ ಎಸ್ಕಾಂಗಳಿಗೆ (ಮೆಸ್ಕಾಂನಂತಹ ಸರ್ಕಾರಿ ವಿತರಣಾ ಕಂಪನಿಗಳಿಗೆ), ಒಂದು ಸಣ್ಣ ಪಾಲು ಪಂಜಾಬಿಗೆ ಎಂಬ ಏರ್ಪಾಡು ಇದ್ದುದರಿಂದ ಇದರ ದರ ನಿರ್ಧಾರ ಬೆಂಗಳೂರಿನ ರಾಜ್ಯ ಆಯೋಗದ ಬದಲು ದೆಹಲಿಯ ಕೇಂದ್ರ ಆಯೋಗದ ಮುಂದೆ ಹೋಯಿತು. ಮನೆಗಳಿಗೆ ಕೊಳವೆ ಅನಿಲ ಮತ್ತು ವಾಹನಗಳಿಗೆ ಸಿಎನ್‌ಜಿ ಒದಗಿಸುವ ಹಕ್ಕು ದಕ್ಷಿಣ ಕನ್ನಡದಲ್ಲಿ ಸರ್ಕಾರಿ ವಲಯದ ಗೇಲ್ ಗ್ಯಾಸ್‌ಗೆ, ಉಡುಪಿಯಲ್ಲಿ ಖಾಸಗಿ ಕಂಪನಿಯಾದ ಅದಾನಿ ಗ್ಯಾಸ್‌ಗೆ ಹರಾಜಿನ ಮೂಲಕ ಸಿಕ್ಕಿದೆ. ಇವುಗಳ ಮೇಲೆ ಕಣ್ಣಿಡಬೇಕಾದದ್ದು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ. ಉಡುಪಿ–ಕಾಸರಗೋಡು 400 ಕೆ.ವಿ. ಮಾರ್ಗವನ್ನು ಕಟ್ಟುವ ಹೊಣೆ ಸ್ಪರ್ಧಾತ್ಮಕ ಬಿಡ್ಡಿಂಗ್‌ನಲ್ಲಿ ಖಾಸಗಿ ಕಂಪನಿಗೆ ಹೋಗಿದೆ. ಪಾದೂರಿನ ಭೂಗತ ಕಚ್ಚಾ ತೈಲ ಸಂಗ್ರಹಾಗಾರದ ಮೊದಲ ಹಂತ, ಅಂದರೆ 25 ಲಕ್ಷ ಟನ್ ಸಾಮರ್ಥ್ಯದ ಗುಹೆಗಳು, ಸರ್ಕಾರದ ಹಣದಲ್ಲೇ ಆದವು. ಅಷ್ಟೇ ಸಾಮರ್ಥ್ಯದ ಎರಡನೇ ಹಂತವನ್ನು ಸಹಭಾಗಿತ್ವದಲ್ಲಿ ಕಟ್ಟಲು ಕೇಂದ್ರ ಸಂಪುಟ 2021ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು.

ಇವೆಲ್ಲಕ್ಕೂ ಒಬ್ಬರೇ ಮೇಲ್ವಿಚಾರಕರಿಲ್ಲ, ಒಂದೇ ಕಾನೂನೂ ಇಲ್ಲ. ಪಾದೂರಿನ ಮಟ್ಟಿಗಂತೂ ಕರಾರೇ ನಿಯಂತ್ರಣ: ಅದರಲ್ಲಿ ಬರೆದದ್ದಷ್ಟೇ ಜಾರಿಯಾಗುತ್ತದೆ, ಬರೆಯದೆ ಬಿಟ್ಟದ್ದನ್ನು ಆಮೇಲೆ ಸೇರಿಸುವುದು ಕಷ್ಟ. ಬಂಡೆಯೊಳಗಿನ ಇಂತಹ ಗುಹೆಗಳಲ್ಲಿ ತೈಲ ಸೋರದಂತೆ ತಡೆಯುವುದು ಸುತ್ತಲಿನ ಅಂತರ್ಜಲದ ಒತ್ತಡ. ಹಾಗಾಗಿ ಆ ಕರಾರಿನ ಉಸ್ತುವಾರಿಗೆ ತೈಲ ವ್ಯಾಪಾರ ಬಲ್ಲವರು ಮಾತ್ರ ಸಾಲದು. ಊರಿನ ಬಾವಿಯ ನೀರಿನ ಮಟ್ಟವನ್ನೂ ಗುಹೆಯ ಸುತ್ತಲಿನ ನೀರಿನ ಒತ್ತಡವನ್ನೂ ಒಟ್ಟಿಗೆ ಓದಬಲ್ಲ ಅಂತರ್ಜಲ ತಜ್ಞರು ಬೇಕು.

ನಂದಿಕೂರಿನ ಹಳೆಯ ಕಥೆ

ಕರಾವಳಿಯವರಿಗೆ ಕೊಜೆಂಟ್ರಿಕ್ಸ್ ಹೆಸರು ಮರೆತಿರಲಾರದು. 1990ರ ದಶಕದಲ್ಲಿ ಕೇಂದ್ರ ಸರ್ಕಾರ ತ್ವರಿತ ಪಟ್ಟಿಗೆ ಸೇರಿಸಿದ ಎಂಟು ಖಾಸಗಿ ವಿದ್ಯುತ್ ಯೋಜನೆಗಳಲ್ಲಿ ನಂದಿಕೂರಿನ 1000 ಮೆಗಾವಾಟ್ ಯೋಜನೆಯೂ ಒಂದು. ಪರಿಸರದ ಕಾರಣಕ್ಕೆ ದೀರ್ಘ ವಿರೋಧ ಎದುರಿಸಿದ ಆ ಅಮೆರಿಕನ್ ಕಂಪನಿ 1999ರ ಡಿಸೆಂಬರ್‌ನಲ್ಲಿ ಹಿಂದೆ ಸರಿಯಿತು. ಅದೇ ಪಟ್ಟಿಯಲ್ಲಿದ್ದ ಮಹಾರಾಷ್ಟ್ರದ ದಾಭೋಲ್ ಯೋಜನೆ ಕಾರ್ಯಾರಂಭ ಮಾಡಿತು. ಆದರೆ ಅದರ ದುಬಾರಿ ವಿದ್ಯುತ್ತಿಗೆ ಹಣ ಕೊಡಲು ರಾಜ್ಯ ವಿದ್ಯುತ್ ಮಂಡಳಿಗೆ ಆಗದೆ 2001ರಲ್ಲಿ ಸ್ಥಾವರ ನಿಂತಿತು. ಆ ಕರಾರುಗಳಿಗೆ ಸಹಿ ಬಿದ್ದಾಗ ಸ್ವತಂತ್ರ ನಿಯಂತ್ರಣ ಆಯೋಗ ಎಂಬುದೇ ಇರಲಿಲ್ಲ. ಕರ್ನಾಟಕದ ಆಯೋಗ ರಚನೆಯಾದದ್ದು 1999ರಲ್ಲಿ. ಡಾಲರ್ ಏರಿದರೆ ಏನು, ಇಂಧನ ದುಬಾರಿಯಾದರೆ ಏನು, ಬೇಡಿಕೆಯೇ ಇಲ್ಲದಿದ್ದರೆ ಏನು ಎಂಬ ಲೆಕ್ಕ ಹಾಕಿ ನೋಡಬಲ್ಲ ಮೂರನೆಯ ಪಕ್ಷ ಆ ಮೇಜಿನ ಬಳಿ ಇರಲಿಲ್ಲ.

ಐದು ಪೈಸೆಯ ಲೆಕ್ಕ

ಈಗ ಆಯೋಗಗಳಿವೆ. ಅವುಗಳ ಸಿಬ್ಬಂದಿ ನಿಜವಾಗಿ ಮಾಡಬೇಕಾದ ಕೆಲಸ ಯಾವುದು ಎಂಬುದನ್ನು ಒಂದು ಉಷ್ಣ ಸ್ಥಾವರದ ಲೆಕ್ಕದಿಂದಲೇ ನೋಡಬಹುದು. ಮುಂದಿನ ಅಂಕಿಗಳು ವಿವರಣೆಗಾಗಿ ಮಾಡಿದ ಸರಳ ಗುಣಾಕಾರ, ಯಾವುದೇ ಸ್ಥಾವರದ ವಾಸ್ತವ ಲೆಕ್ಕಪತ್ರದಿಂದ ತೆಗೆದವಲ್ಲ.

1200 ಮೆಗಾವಾಟ್ ಸ್ಥಾವರ ವರ್ಷವಿಡೀ ಶೇ 80ರ ಸಾಮರ್ಥ್ಯದಲ್ಲಿ ನಡೆಯಿತೆಂದು ಇಟ್ಟುಕೊಂಡರೆ ಸುಮಾರು 840 ಕೋಟಿ ಯೂನಿಟ್ ಉತ್ಪಾದನೆಯಾಗುತ್ತದೆ. ದರದ ಪರಿಶೀಲನೆಯಲ್ಲಿ ಯೂನಿಟ್ಟಿಗೆ ಕೇವಲ ಐದು ಪೈಸೆಯ ತಪ್ಪು ನುಸುಳಿದರೆ ವರ್ಷಕ್ಕೆ 42 ಕೋಟಿ ರೂಪಾಯಿ, 25 ವರ್ಷದ ಕರಾರಿನಲ್ಲಿ 1050 ಕೋಟಿ ರೂಪಾಯಿ ಬಳಕೆದಾರರ ಜೇಬಿನಿಂದ ಹೆಚ್ಚುವರಿಯಾಗಿ ಹೋಗುತ್ತದೆ.

ಐದು ಪೈಸೆ ಎಲ್ಲಿಂದ ನುಸುಳುತ್ತದೆ? ಒಂದು ಯೂನಿಟ್ ವಿದ್ಯುತ್ತಿಗೆ 2400 ಕಿಲೋಕ್ಯಾಲೊರಿ ಶಾಖ ಬೇಕು, ಕಲ್ಲಿದ್ದಲು ಕಿಲೋಗೆ 5000 ಕಿಲೋಕ್ಯಾಲೊರಿ ಕೊಡುತ್ತದೆ ಎಂದಾದರೆ ಯೂನಿಟ್ಟಿಗೆ ಸುಮಾರು 480 ಗ್ರಾಂ ಕಲ್ಲಿದ್ದಲು ಉರಿಯಬೇಕು; ವರ್ಷಕ್ಕೆ 40 ಲಕ್ಷ ಟನ್. ಶಾಖದ ಲೆಕ್ಕದಲ್ಲಿ ಶೇ 1ರ ವ್ಯತ್ಯಾಸವಾದರೂ 40 ಸಾವಿರ ಟನ್ ಕಲ್ಲಿದ್ದಲಿನ ಬೆಲೆ ಆಚೀಚೆಯಾಗುತ್ತದೆ. ಹಡಗಿನಲ್ಲಿ ಬಂದ ಕಲ್ಲಿದ್ದಲಿನ ಗುಣಮಟ್ಟವನ್ನು ಎಲ್ಲಿ ಅಳೆದರು, ಹೊರಡುವ ಬಂದರಿನಲ್ಲೋ ಇಳಿಯುವಲ್ಲೋ ಬಾಯ್ಲರಿನ ಹತ್ತಿರವೋ? ತೇವಾಂಶವನ್ನು ಕಳೆದು ಲೆಕ್ಕ ಹಾಕಿದರೆ, ಸೇರಿಸಿ ಹಾಕಿದರೆ? ತೋರಿಸಿದ ಬೆಲೆ ಆ ತಿಂಗಳ ಅಂತರರಾಷ್ಟ್ರೀಯ ಸೂಚ್ಯಂಕಕ್ಕೆ ಹೊಂದುತ್ತದೆಯೆ? ಹಡಗಿನ ಬಾಡಿಗೆ, ವಿಮೆ, ಬಂದರು ಶುಲ್ಕ ನ್ಯಾಯವಾಗಿದೆಯೆ? ಈ ಪ್ರತಿ ಪ್ರಶ್ನೆಗೂ ಉತ್ತರ ಕಂಪನಿಯ ಬಳಿ ಸಿದ್ಧವಾಗಿರುತ್ತದೆ. ಅದನ್ನು ಪರೀಕ್ಷಿಸಲು ಬಾಯ್ಲರ್ ಗೊತ್ತಿರುವ ಎಂಜಿನಿಯರ್ ಒಬ್ಬರೂ ಕಲ್ಲಿದ್ದಲು ಮಾರುಕಟ್ಟೆ ಗೊತ್ತಿರುವ ವಿಶ್ಲೇಷಕರೊಬ್ಬರೂ ಆಯೋಗದಲ್ಲಿ ಅಕ್ಕಪಕ್ಕ ಕೂತಿರಬೇಕು.

ಇಂಧನದ ಲೆಕ್ಕ ಮುಗಿದ ಮೇಲೆ ಬಂಡವಾಳದ ಲೆಕ್ಕ. ಕೇಂದ್ರ ಆಯೋಗದ ನಿಯಮಗಳಲ್ಲಿ ಸಾಲ ಮತ್ತು ಷೇರು ಬಂಡವಾಳದ ಅನುಪಾತ 70:30, ಉಷ್ಣ ಸ್ಥಾವರದ ಷೇರು ಬಂಡವಾಳಕ್ಕೆ ಮೂಲ ಪ್ರತಿಫಲ ಶೇ 15.5. ಅಂದರೆ ನಿರ್ಮಾಣ ವೆಚ್ಚದಲ್ಲಿ 100 ಕೋಟಿ ರೂಪಾಯಿ ಅನಗತ್ಯವಾಗಿ ಸೇರಿಕೊಂಡರೆ ಅದರ 30 ಕೋಟಿಯ ಮೇಲೆ ವರ್ಷವರ್ಷವೂ 4 ಕೋಟಿ 65 ಲಕ್ಷ ರೂಪಾಯಿ ಪ್ರತಿಫಲ, ಉಳಿದ 70 ಕೋಟಿಗೆ ಬಡ್ಡಿ, ಇವೆಲ್ಲದರ ಮೇಲೆ ಸವಕಳಿ. ಯಂತ್ರ ಪೂರೈಸಿದ ಸಂಸ್ಥೆ ಕಂಪನಿಯ ಬಂಧು ಸಂಸ್ಥೆಯೇ, ಕಾಮಗಾರಿ ತಡವಾದದ್ದು ಯಾರ ತಪ್ಪಿನಿಂದ, ತಡವಾದ ಅವಧಿಯ ಬಡ್ಡಿಯನ್ನು ಯಾರು ಹೊರಬೇಕು ಎಂಬುದನ್ನು ಬಿಡಿಸಿ ನೋಡಲು ಲೆಕ್ಕಪರಿಶೋಧನೆ ಮತ್ತು ಯೋಜನಾ ಹಣಕಾಸು ಬಲ್ಲವರು ಬೇಕು. ಒಮ್ಮೆ ಒಪ್ಪಿಕೊಂಡ ಬಂಡವಾಳ ವೆಚ್ಚ ಮುಂದಿನ ಎರಡು ದಶಕಗಳ ಬಿಲ್ಲಿನಲ್ಲಿ ಕೂತುಬಿಡುತ್ತದೆ. ಆದ್ದರಿಂದ ಮೊದಲ ವರ್ಷದ ಪರಿಶೀಲನೆಯೇ ನಿರ್ಣಾಯಕ.

ಇನ್ನೊಂದು ಬದಲಾವಣೆಯನ್ನೂ ಇಲ್ಲಿ ಗಮನಿಸಬೇಕು. 2022ರ ಡಿಸೆಂಬರ್‌ನಲ್ಲಿ ತಿದ್ದುಪಡಿಯಾದ ಕೇಂದ್ರ ನಿಯಮಗಳ ಪ್ರಕಾರ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಏರಿಳಿತವನ್ನು ಪ್ರತಿ ತಿಂಗಳು ತಾನಾಗಿಯೇ ಬಿಲ್ಲಿಗೆ ಸೇರಿಸಬಹುದು. ಎಸ್ಕಾಂಗಳ ನಗದು ಕೊರತೆ ನೀಗಲು ಇದು ನೆರವಾಗುತ್ತದೆ ಎಂಬುದು ನಿಜ. ಆದರೆ ಮೊದಲು ವಸೂಲಿ, ಆಮೇಲೆ ತಪಾಸಣೆ ಎಂದಾದ ಮೇಲೆ ಆ ತಪಾಸಣೆ ಮಾಡುವವರ ಚುರುಕು ಮೊದಲಿಗಿಂತ ಹೆಚ್ಚಿರಬೇಕಾಗುತ್ತದೆ.

ಕರಾರಿನ ಒಂದು ಪದ, ಸಾವಿರಾರು ಕೋಟಿ

ವಿದ್ಯುತ್ ಕಾಯ್ದೆಯ 62ನೇ ಕಲಮಿನಡಿ ಆಯೋಗ ವೆಚ್ಚ ನೋಡಿ ದರ ನಿಗದಿ ಮಾಡುತ್ತದೆ. 63ನೇ ಕಲಮಿನಡಿ ಪಾರದರ್ಶಕ ಬಿಡ್ಡಿಂಗ್‌ನಲ್ಲಿ ಬಂದ ದರವನ್ನು ಅಂಗೀಕರಿಸುತ್ತದೆ. ಬಿಡ್ಡಿಂಗ್ ಆದರೆ ನಿಯಂತ್ರಕರ ಕೆಲಸ ಹಗುರ ಎಂಬ ನಂಬಿಕೆ ಬಹುಕಾಲ ಇತ್ತು. ಆ ನಂಬಿಕೆಯನ್ನು ಕದಲಿಸಿದ್ದು ಇಂಡೋನೇಷ್ಯಾದ ಕಲ್ಲಿದ್ದಲು.

ಆ ದೇಶ ತನ್ನ ಕಲ್ಲಿದ್ದಲಿನ ರಫ್ತು ಬೆಲೆಯ ನಿಯಮ ಬದಲಿಸಿದಾಗ, ಗುಜರಾತಿನ ಮುಂದ್ರಾದಲ್ಲಿ ಸ್ಥಾವರ ಕಟ್ಟಿ ಬಿಡ್ಡಿಂಗ್‌ನಲ್ಲಿ ಅಗ್ಗದ ದರ ಹೇಳಿದ್ದ ಕಂಪನಿಗಳು ಹೆಚ್ಚುವರಿ ಹಣ ಕೇಳಿದವು. ಇದನ್ನು ಕರಾರಿನಲ್ಲಿರುವ ‘ಅನಿವಾರ್ಯ ಘಟನೆ’ (ಕಂಪನಿಯ ಕೈಮೀರಿದ ಘಟನೆ) ಎನ್ನಬೇಕೆ, ‘ಕಾನೂನು ಬದಲಾವಣೆ’ ಎನ್ನಬೇಕೆ ಎಂಬುದೇ ವಿವಾದ. ಆಯೋಗ ಒಂದು ಹೇಳಿತು, ಮೇಲ್ಮನವಿ ನ್ಯಾಯಮಂಡಳಿ ಇನ್ನೊಂದು ಹೇಳಿತು. ಕೊನೆಗೆ 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬೆಲೆ ಏರಿಕೆ ಮಾತ್ರಕ್ಕೆ ಅದು ಅನಿವಾರ್ಯ ಘಟನೆಯಾಗುವುದಿಲ್ಲ, ವಿದೇಶದ ಕಾನೂನು ಬದಲಾದರೆ ಈ ಕರಾರಿನ ಅರ್ಥದಲ್ಲಿ ಕಾನೂನು ಬದಲಾವಣೆಯಾಗುವುದಿಲ್ಲ, ಆದರೆ ದೇಶದೊಳಗಿನ ಕಲ್ಲಿದ್ದಲು ಹಂಚಿಕೆಯ ನೀತಿ ಬದಲಾದದ್ದಕ್ಕೆ ಪರಿಹಾರ ಉಂಟು ಎಂದು ಬಿಡಿಸಿ ಹೇಳಿತು. ‘ಕಾನೂನು’ ಎಂಬ ಒಂದು ಪದದ ವ್ಯಾಖ್ಯಾನಕ್ಕಾಗಿ ವರ್ಷಗಟ್ಟಲೆ ಹೋರಾಟ ನಡೆದು, ಅಷ್ಟೂ ಕಾಲ ಬಳಕೆದಾರನ ದರ ಅತಂತ್ರವಾಗಿತ್ತು.

ಮರುವರ್ಷ, 2018ರ ಏಪ್ರಿಲ್‌ನಲ್ಲಿ, ಪ್ರತಿ ರಾಜ್ಯ ಆಯೋಗದಲ್ಲೂ ಕಾನೂನು ಹಿನ್ನೆಲೆಯ ಒಬ್ಬ ಸದಸ್ಯರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಗತ್ಯವಿದ್ದ ಮಾತು. ಆದರೆ ಸದಸ್ಯರ ಮುಂದೆ ಬರುವ ಟಿಪ್ಪಣಿಯನ್ನು ಸಿದ್ಧಪಡಿಸುವುದು ಸಿಬ್ಬಂದಿ. ಅಲ್ಲಿ ಕರಾರು ಕಾನೂನು ಬಲ್ಲವರಿಲ್ಲದಿದ್ದರೆ ಪೀಠಕ್ಕೆ ಪ್ರಶ್ನೆಯೇ ಸರಿಯಾಗಿ ತಲುಪುವುದಿಲ್ಲ.

ಅನಿಲದಲ್ಲಿ ಕಾನೂನಿನ ಮಿತಿಯೇ ಬೇರೆ. ನಗರ ಅನಿಲ ಜಾಲದಲ್ಲಿ ಬಳಕೆದಾರರಿಗೆ ಮಾರುವ ಬೆಲೆಯನ್ನು ನಿಗದಿ ಮಾಡುವ ಅಧಿಕಾರ ನಿಯಂತ್ರಣ ಮಂಡಳಿಗಿಲ್ಲ ಎಂದು 2015ರಲ್ಲೇ ತೀರ್ಪಾಗಿದೆ. ಮಂಡಳಿ ನೋಡಬಹುದಾದದ್ದು ಸುರಕ್ಷತೆಯನ್ನು ಮತ್ತು ಹರಾಜಿನಲ್ಲಿ ಕಂಪನಿ ಒಪ್ಪಿಕೊಂಡ ಕನಿಷ್ಠ ಕೆಲಸವನ್ನು: ಇಷ್ಟು ಮನೆ ಸಂಪರ್ಕ, ಇಷ್ಟು ಸಿಎನ್‌ಜಿ ಕೇಂದ್ರ, ಇಷ್ಟು ಕೊಳವೆ. ಗೋಡೆಯ ತನಕ ಬಂದು ನಿಂತ ಕೊಳವೆಯನ್ನು ಸಂಪರ್ಕವೆಂದು ಎಣಿಸಬೇಕೆ, ಒಲೆ ಹೊತ್ತಿದ ಮೇಲಷ್ಟೇ ಎಣಿಸಬೇಕೆ ಎಂಬುದನ್ನು ದೆಹಲಿಯ ಕಚೇರಿಯಲ್ಲಿ ಕೂತು ತೀರ್ಮಾನಿಸಲಾಗದು.

ದೆಹಲಿಯ ಬಾಕಿ

ವಿತರಣೆಯಲ್ಲಿ ಸಹಭಾಗಿತ್ವದ ದೊಡ್ಡ ಪ್ರಯೋಗ 2002ರಲ್ಲಿ ದೆಹಲಿಯಲ್ಲಿ ನಡೆಯಿತು. ಖಾಸಗಿಯವರಿಗೆ ಶೇ 51, ಸರ್ಕಾರಕ್ಕೆ ಶೇ 49ರ ಪಾಲು. ಸೋರಿಕೆ ಗಣನೀಯವಾಗಿ ತಗ್ಗಿತು ಎಂಬುದನ್ನು ವಿರೋಧಿಗಳೂ ಒಪ್ಪುತ್ತಾರೆ. ಆದರೆ ವೆಚ್ಚವನ್ನು ಒಪ್ಪಿಕೊಂಡು ದರ ಏರಿಸದೆ, ‘ಮುಂದೆ ವಸೂಲಿ ಮಾಡೋಣ’ ಎಂದು ಬದಿಗಿಟ್ಟ ಬಾಕಿ ಬೆಳೆಯುತ್ತಾ ಹೋಗಿ ಬಡ್ಡಿ ಸೇರಿ 27 ಸಾವಿರ ಕೋಟಿ ರೂಪಾಯಿ ದಾಟಿತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇಂತಹ ಬಾಕಿಗಳನ್ನು ಕಾಲಮಿತಿಯಲ್ಲಿ ತೀರಿಸಬೇಕೆಂದು ಆದೇಶಿಸಿ, ಆಯೋಗಗಳ ಕಾರ್ಯವೈಖರಿಯನ್ನೂ ಟೀಕಿಸಿತು. ಇನ್ನೊಂದೆಡೆ, ಈ ಕಂಪನಿಗಳ ಲೆಕ್ಕವನ್ನು ಮಹಾಲೇಖಪಾಲರಿಂದ (ಸಿಎಜಿ) ತಪಾಸಣೆ ಮಾಡಿಸುವ ದೆಹಲಿ ಸರ್ಕಾರದ ಆದೇಶವನ್ನು ಅಲ್ಲಿನ ಹೈಕೋರ್ಟ್ 2015ರ ಅಕ್ಟೋಬರ್‌ನಲ್ಲಿ ರದ್ದುಗೊಳಿಸಿತ್ತು. ಸರ್ಕಾರಿ ಕಂಪನಿಯಾದ ಮೆಸ್ಕಾಂ ಮೇಲೆ ಮಹಾಲೇಖಪಾಲರ ಕಣ್ಣು ಇದ್ದೇ ಇದೆ. ಖಾಸಗಿ ಪಾಲು ಮುಖ್ಯವಾದಲ್ಲಿ ಆ ಕಣ್ಣು ಮುಚ್ಚಬಹುದು. ಆಗ ಜನರ ಪರವಾಗಿ ಪುಸ್ತಕ ತೆರೆದು ನೋಡುವ ಅಧಿಕಾರ ಮುಖ್ಯವಾಗಿ ಆಯೋಗದ ಬಳಿ ಉಳಿಯುತ್ತದೆ.

ಸಿಬ್ಬಂದಿ ಎಲ್ಲಿಂದ ಬರುತ್ತಾರೆ

ಕಾಯ್ದೆಯ 84ನೇ ಕಲಮು ಆಯೋಗದ ಅಧ್ಯಕ್ಷರು ಮತ್ತು ಸದಸ್ಯರಿಗೆ ಎಂಜಿನಿಯರಿಂಗ್, ಹಣಕಾಸು, ವಾಣಿಜ್ಯ, ಅರ್ಥಶಾಸ್ತ್ರ, ಕಾನೂನು ಅಥವಾ ಆಡಳಿತ ನಿರ್ವಹಣೆಯ ಜ್ಞಾನ ಇರಬೇಕೆಂದು ವಿವರವಾಗಿ ಹೇಳುತ್ತದೆ. ಸಿಬ್ಬಂದಿಯ ವಿಷಯಕ್ಕೆ ಬಂದಾಗ 91ನೇ ಕಲಮು, ಎಷ್ಟು ಹುದ್ದೆ, ಯಾವ ವರ್ಗ, ಎಷ್ಟು ಸಂಬಳ ಎಂಬುದನ್ನು ಸರ್ಕಾರದ ಒಪ್ಪಿಗೆಯೊಂದಿಗೆ ಆಯೋಗ ಗೊತ್ತುಮಾಡಬೇಕು ಎನ್ನುತ್ತದೆ. ಸಮಸ್ಯೆಯ ಬೇರು ಇಲ್ಲಿದೆ. ಎಸ್ಕಾಂಗಳ ಮಾಲೀಕ ರಾಜ್ಯ ಸರ್ಕಾರ. ಆ ಎಸ್ಕಾಂಗಳನ್ನು ನಿಯಂತ್ರಿಸುವ ಸಂಸ್ಥೆಗೆ ಎಷ್ಟು ಮಂದಿ ಬೇಕು, ಅವರಿಗೆ ಎಷ್ಟು ಸಂಬಳ ಎಂಬುದಕ್ಕೆ ಒಪ್ಪಿಗೆ ಕೊಡುವುದೂ ಅದೇ ಸರ್ಕಾರ.

ದೇಶದ ಹಲವು ಆಯೋಗಗಳು ಹುದ್ದೆ ತುಂಬಲು ವಿದ್ಯುತ್ ಕಂಪನಿಗಳಿಂದಲೇ ಎರವಲು ಸೇವೆಯ ಮೇಲೆ ಎಂಜಿನಿಯರುಗಳನ್ನು ಕರೆಸಿಕೊಳ್ಳುತ್ತವೆ. ಇದನ್ನು ಸಮರ್ಥಿಸುವವರ ಮಾತಿನಲ್ಲಿ ತೂಕವಿದೆ: ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡಿದವರಿಗೆ ಲೆಕ್ಕದಲ್ಲಿ ಏನನ್ನು ಎಲ್ಲಿ ಅಡಗಿಸಬಹುದು ಎಂಬುದು ಗೊತ್ತಿರುತ್ತದೆ, ಹೊರಗಿನಿಂದ ಬಂದ ಪದವೀಧರರಿಗೆ ಅದನ್ನು ಕಲಿಯಲು ವರ್ಷಗಳೇ ಬೇಕು. ವಿರೋಧಿಸುವವರು ಕೇಳುವುದು ಇನ್ನೊಂದನ್ನು: ಮೂರು ವರ್ಷದ ನಂತರ ಮರಳಿ ಅದೇ ಕಂಪನಿಗೆ ಹೋಗಬೇಕಾದ ಅಧಿಕಾರಿ ಅದರ ಖರ್ಚನ್ನು ನಿಷ್ಠುರವಾಗಿ ಕತ್ತರಿಸಲು ಎಷ್ಟರ ಮಟ್ಟಿಗೆ ಸಾಧ್ಯ? ಅಧಿಕಾರಿ ಪ್ರಾಮಾಣಿಕರೇ ಇರಬಹುದು, ಆದರೆ ವ್ಯವಸ್ಥೆ ಅವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಖಾಸಗಿ ಕಂಪನಿಗಳು ಬಂದ ಮೇಲೆ ಇದಕ್ಕೆ ಇನ್ನೊಂದು ಮುಖ ಸೇರುತ್ತದೆ. ನಾಲ್ಕು ದರ ಅರ್ಜಿಗಳನ್ನು ಚೆನ್ನಾಗಿ ಪರಿಶೀಲಿಸಿದ ಯುವ ವಿಶ್ಲೇಷಕರಿಗೆ ಹಲವು ಪಟ್ಟು ಸಂಬಳದ ಕರೆ ಬರುವುದು ಎದುರು ಪಕ್ಷದಿಂದ.

ಇನ್ನು ಸಲಹಾ ಸಂಸ್ಥೆಗಳು. ಸಮಾಲೋಚಕರನ್ನು ನೇಮಿಸಿಕೊಳ್ಳಲು ಕಾಯ್ದೆಯೇ ಅವಕಾಶ ಕೊಟ್ಟಿದೆ. 120 ದಿನದಲ್ಲಿ ದರ ಆದೇಶ ಹೊರಡಿಸಬೇಕಾದ ಒತ್ತಡದಲ್ಲಿ ಅವರ ನೆರವು ಅನಿವಾರ್ಯವೂ ಹೌದು. ಆದರೆ ಲೆಕ್ಕದ ಮಾದರಿಯನ್ನು ಸಮಾಲೋಚಕರು ಕಟ್ಟಿ, ಆದೇಶ ಹೊರಬಿದ್ದ ಮೇಲೆ ಅದನ್ನು ತಮ್ಮೊಂದಿಗೆ ಕೊಂಡೊಯ್ದರೆ ಮುಂದಿನ ವರ್ಷ ಆಯೋಗ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಾಗೆಂದು ಸಮಾಲೋಚಕರೇ ಬೇಡವೆನ್ನಲಾಗದು. ಅವರು ಕೊಟ್ಟ ಲೆಕ್ಕದ ಯಾವ ಮನೆಯಲ್ಲಿ ಯಾವ ಊಹೆ ಕೂತಿದೆ ಎಂದು ಪ್ರಶ್ನಿಸಬಲ್ಲ ಖಾಯಂ ಸಿಬ್ಬಂದಿ ಇದ್ದರೆ ಆ ಸೇವೆ ಉಪಯುಕ್ತ, ಇಲ್ಲದಿದ್ದರೆ ಆಯೋಗದ ವಿವೇಚನೆಯೇ ಹೊರಗುತ್ತಿಗೆಗೆ ಹೋದಂತೆ. ಕಾನ್ಪುರದ ಐಐಟಿ ನಿಯಂತ್ರಣ ಕ್ಷೇತ್ರದವರಿಗೆ ತರಬೇತಿ ನಡೆಸುತ್ತಾ ಬಂದಿದೆ. ಅಂತಹ ತರಬೇತಿ ಪಡೆದವರು ಆಯೋಗದಲ್ಲೇ ಹತ್ತಾರು ವರ್ಷ ಉಳಿಯುವ ಸೇವಾ ನಿಯಮ ಇಲ್ಲದಿದ್ದರೆ ಕಲಿತದ್ದು ಸಂಸ್ಥೆಯಲ್ಲಿ ನಿಲ್ಲುವುದಿಲ್ಲ.

ಮೆಸ್ಕಾಂ ವ್ಯಾಪ್ತಿಯಲ್ಲಿ ಏನಾಗಬಹುದು

ಈಗಿನ ಕಾಯ್ದೆಯಲ್ಲೂ ಎರಡನೇ ವಿತರಣಾ ಕಂಪನಿಗೆ ಅವಕಾಶವಿದೆ, ಆದರೆ ಅದು ತನ್ನದೇ ಜಾಲ ಹಾಕಬೇಕು. ಕರಡಿನಂತೆ ಜಾಲ ಹಂಚಿಕೆಯಾದರೆ ಮೆಸ್ಕಾಂ ತಂತಿ, ಕಂಬ, ಟ್ರಾನ್ಸ್‌ಫಾರ್ಮರುಗಳಿಗೆ ಬಾಡಿಗೆ ನಿಗದಿಯಾಗಬೇಕು. ಈ ಬಾಡಿಗೆ ಕಡಿಮೆಯಾದರೆ ಹೊಸ ಕಂಪನಿಗೆ ಲಾಭ, ಮಳೆಗಾಲದಲ್ಲಿ ಬಿದ್ದ ಕಂಬ ಎತ್ತುವ ಖರ್ಚು ಮೆಸ್ಕಾಂ ಮೇಲೆ. ಹೆಚ್ಚಾದರೆ ಸ್ಪರ್ಧೆ ಹೆಸರಿಗಷ್ಟೇ. ಮಂಗಳೂರು ನಗರದ ಒಂದು ಫೀಡರಿನಲ್ಲಿ (ಸಬ್‌ಸ್ಟೇಷನ್ನಿನಿಂದ ಹೊರಡುವ ವಿತರಣಾ ಮಾರ್ಗದಲ್ಲಿ) ಮನೆಗಳು ಒತ್ತೊತ್ತಾಗಿವೆ. ಸುಳ್ಯ, ಕಾರ್ಕಳ, ಬೈಂದೂರಿನ ಒಳನಾಡಿನಲ್ಲೂ ಮೆಸ್ಕಾಂ ವ್ಯಾಪ್ತಿಯ ಶಿವಮೊಗ್ಗ, ಚಿಕ್ಕಮಗಳೂರಿನ ಮಲೆನಾಡಿನಲ್ಲೂ ಒಂದು ತೋಟದ ಮನೆಗೆ ಹತ್ತಾರು ಕಂಬ. ಎರಡಕ್ಕೂ ಒಂದೇ ಬಾಡಿಗೆಯೆ? ಉತ್ತರ ಹೇಳಲು ಜಾಲದ ವೆಚ್ಚವನ್ನೂ ಮಾರಾಟದ ವೆಚ್ಚವನ್ನೂ ಫೀಡರ್‌ವಾರು ಬೇರ್ಪಡಿಸಿದ ಲೆಕ್ಕ ಬೇಕು, ಅದನ್ನು ಸ್ಮಾರ್ಟ್ ಮೀಟರುಗಳ ದತ್ತಾಂಶದೊಂದಿಗೆ ಹೋಲಿಸಬಲ್ಲವರು ಬೇಕು.

ಸಬ್ಸಿಡಿಯ ಲೆಕ್ಕವೂ ಜಟಿಲವಾಗುತ್ತದೆ. ಗೃಹಜ್ಯೋತಿಯ ಹಣ ಮತ್ತು 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳ ಉಚಿತ ವಿದ್ಯುತ್ತಿನ ಹಣವನ್ನು ಸರ್ಕಾರ ಈಗ ಎಸ್ಕಾಂಗಳಿಗೆ ಕೊಡುತ್ತದೆ. ಕಂಪನಿಗಳು ಎರಡಾದಾಗ, ಮೀಟರ್ ಇಲ್ಲದ ಪಂಪ್‌ಸೆಟ್ಟು ಎಷ್ಟು ಯೂನಿಟ್ ಎಳೆಯಿತು ಎಂಬ ಅಂದಾಜೇ ವಿವಾದವಾಗಬಹುದು. 1 ಮೆಗಾವಾಟ್‌ಗಿಂತ ದೊಡ್ಡ ಬಳಕೆದಾರರಿಗೆ ವಿದ್ಯುತ್ ಪೂರೈಸಲೇಬೇಕೆಂಬ ಹೊಣೆಯಿಂದ ಕಂಪನಿಗಳಿಗೆ ವಿನಾಯಿತಿ ಕೊಡುವ ಪ್ರಸ್ತಾಪವೂ ಕರಡಿನಲ್ಲಿದೆ. ಆ ಬಳಕೆದಾರರು ಬೇರೆಡೆ ಹೋದಾಗ ಅವರಿಗಾಗಿ ಮೆಸ್ಕಾಂ ದೀರ್ಘಾವಧಿಗೆ ಖರೀದಿಸಿಟ್ಟ ವಿದ್ಯುತ್ತಿನ ಸ್ಥಿರ ವೆಚ್ಚವನ್ನು ಯಾರು ತುಂಬಬೇಕು? ಮುಂಬೈಯಲ್ಲಿ ಬಳಕೆದಾರರು ಒಂದು ಕಂಪನಿಯ ಜಾಲದ ಮೇಲೆ ಇನ್ನೊಂದು ಕಂಪನಿಗೆ ಬದಲಾಗತೊಡಗಿದಾಗ ಜಾಲದ ಶುಲ್ಕ ಮತ್ತು ಅಡ್ಡ ಸಬ್ಸಿಡಿ ಮೇಲ್ತೆರಿಗೆಯ (ಕೆಲವರಿಂದ ಹೆಚ್ಚು ಪಡೆದು ಇತರರ ದರ ತಗ್ಗಿಸುವ ಏರ್ಪಾಡಿಗೆ, ಬಿಟ್ಟುಹೋಗುವವರಿಂದ ಆಗುವ ನಷ್ಟ ತುಂಬುವ ಶುಲ್ಕದ) ಬಗ್ಗೆ ಇಂತಹದೇ ತಕರಾರುಗಳು ಎದ್ದಿದ್ದವು.

ತಂತಿ ಹಾದುಹೋಗುವ ನೆಲದ ಪ್ರಶ್ನೆಯನ್ನೂ ಮರೆಯಲಾಗದು. ಉಡುಪಿ–ಕಾಸರಗೋಡು ಮಾರ್ಗಕ್ಕೆ ದಕ್ಷಿಣ ಕನ್ನಡದ ಕೃಷಿಕರಿಂದ ವಿರೋಧ ಬಂದಿರುವುದು ಅಡಿಕೆ ತೋಟಗಳ ಕಾರಣಕ್ಕೆ. 2024ರ ಜೂನ್‌ನ ಕೇಂದ್ರ ಮಾರ್ಗಸೂಚಿ ಗೋಪುರದ ಅಡಿಯ ಜಾಗಕ್ಕೆ ಭೂಮಿಯ ಮೌಲ್ಯದ ಶೇ 200, ತಂತಿಯಡಿಯ ಪಟ್ಟಿಗೆ ಶೇ 30 ಪರಿಹಾರ ಸೂಚಿಸಿದೆ. ಬಿಡ್ಡಿಂಗ್ ಮುಗಿದ ಮೇಲೆ ಹೆಚ್ಚಿದ ಪರಿಹಾರವನ್ನೂ ವಿಳಂಬದ ಖರ್ಚನ್ನೂ ಕಂಪನಿ ದರದಲ್ಲಿ ಸೇರಿಸಲು ಕೇಳಿದಾಗ ತೂಗಿ ನೋಡಬೇಕಾದವರಿಗೆ, ತಂತಿಯಡಿಯಲ್ಲಿ ಎತ್ತರದ ಅಡಿಕೆ ಮರ ಬೆಳೆಸಲಾಗದ ತೋಟದ ನಷ್ಟ ಎಂದರೇನು ಎಂಬ ಅರಿವೂ ಇರಬೇಕು.

ವಿಚಾರಣೆಯಲ್ಲಿ ಕೇಳಬಹುದಾದದ್ದು

ಮೆಸ್ಕಾಂ ದರ ಅರ್ಜಿಯ ಬಗ್ಗೆ ರಾಜ್ಯ ಆಯೋಗ ಮಂಗಳೂರಿನಲ್ಲೇ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಆಕ್ಷೇಪಣೆ ಸಲ್ಲಿಸುವವರು ಸಾಮಾನ್ಯವಾಗಿ ಎಷ್ಟು ಪೈಸೆ ಏರಿಕೆ ಎಂಬುದರ ಮೇಲೆ ಮಾತಾಡುತ್ತಾರೆ. ಅದರ ಜತೆಗೆ ಲಿಖಿತವಾಗಿ ಕೇಳಬಹುದಾದ ಪ್ರಶ್ನೆಗಳಿವೆ: ಈ ಅರ್ಜಿಯ ವಿದ್ಯುತ್ ಖರೀದಿ ವೆಚ್ಚವನ್ನು ಆಯೋಗದ ಎಷ್ಟು ಸಿಬ್ಬಂದಿ ಪರಿಶೀಲಿಸಿದರು, ಅವರಲ್ಲಿ ಎರವಲು ಸೇವೆಯವರು ಎಷ್ಟು, ಸಮಾಲೋಚಕರು ಬಳಸಿದ ಲೆಕ್ಕದ ಮಾದರಿ ಆಯೋಗದ ಬಳಿ ಇದೆಯೆ, ಅದನ್ನು ಸಾರ್ವಜನಿಕರು ನೋಡಬಹುದೆ, ಖಾಲಿ ಇರುವ ತಜ್ಞ ಹುದ್ದೆಗಳು ಯಾವುವು. ದರ ಆದೇಶದಲ್ಲಿ ಆಕ್ಷೇಪಣೆ, ಅದಕ್ಕೆ ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರನ್ನೂ ದಾಖಲಿಸುವ ಪದ್ಧತಿ ಇದೆ. ಅಲ್ಲಿ ಈ ಪ್ರಶ್ನೆಗಳೂ ಅವಕ್ಕೆ ಸಿಕ್ಕ ಉತ್ತರಗಳೂ ಅಚ್ಚಾದರೆ ಮುಂದಿನ ವರ್ಷದ ಆಕ್ಷೇಪಣೆ ಅಲ್ಲಿಂದ ಮುಂದುವರಿಯಬಹುದು.